ಅಡುಗೆ ಕಟ್ಟೆಯ ಕಲ್ಲು, ಕೊಯ್ಯುವವನ ಉಸಿರು

ಹಿರೇನಲ್ಲೂರಿನಲ್ಲಾಗಲಿ, ಕಡೂರಿನಲ್ಲಾಗಲಿ, ತೆಂಗು ಅಡಿಕೆಯ ಹಣ ಕೈಗೆ ಬಂದು ಮನೆ ಕಟ್ಟಿಸಲು ಹೊರಟಿರೆಂದರೆ, ಮನೆಯವರೆಲ್ಲ ಕೂತು ಚರ್ಚಿಸುವ ವಿಷಯವೊಂದು ಬಂದೇ ಬರುತ್ತದೆ: ಅಡುಗೆ ಕಟ್ಟೆಗೆ ಯಾವ ಕಲ್ಲು? ಬಣ್ಣ, ಹೊಳಪು, ಚದರಡಿಯ ಬೆಲೆ, ಬೀಗರ ಮನೆಯಲ್ಲಿ ಹಾಕಿಸಿರುವುದು ಯಾವುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆರೋಗ್ಯದ ಮಾತು ಬಂದರೂ ಅದು ಗ್ರಾನೈಟ್‌ನಿಂದ ವಿಕಿರಣ ಹೊರಡುತ್ತದಂತೆ ಎಂಬ ಭಯಕ್ಕೆ ನಿಲ್ಲುತ್ತದೆ. ಆ ಭಯ ಬಿಡಿ. ಕಟ್ಟೆಯ ಕಲ್ಲಿನಿಂದ ಬರುವ ವಿಕಿರಣ ಅತ್ಯಲ್ಪ. ಕೂತ ಕಲ್ಲು ನಿಮಗೇನೂ ಮಾಡದು. ಅಪಾಯವಿರುವುದು ಅದನ್ನು ಕೊಯ್ಯುವ ದಿನ.

ನೀವೂ ನೋಡಿರುತ್ತೀರಿ. ಸಿಂಕಿಗೆ ತೂತು ಬೇಕೆಂದು ಅಡುಗೆಮನೆಯೊಳಗೇ ಕಟಿಂಗ್ ಮಷಿನ್ ಹಚ್ಚುತ್ತಾರೆ. ಕ್ಷಣದಲ್ಲಿ ಮನೆ ತುಂಬ ಬಿಳಿ ಧೂಳು. ಕೆಲಸದವನ ಮೂಗಿಗೆ ಟವೆಲಿನ ತುದಿಯೊಂದೇ ರಕ್ಷೆ. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲಿ ತಡೆಯಬಹುದು. ಕಾಣದಷ್ಟು ಸಣ್ಣಗಿರುವ ಸಿಲಿಕಾ ಕಣ ಮಾತ್ರ ಟವೆಲನ್ನು ದಾಟಿ ಶ್ವಾಸಕೋಶದ ತುದಿ ಸೇರಿ ಅಲ್ಲೇ ಉಳಿಯುತ್ತದೆ. ಅದರ ಸುತ್ತ ಗಾಯದ ಗಂಟು ಕಟ್ಟುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಕ್ಷಯವೂ ಇಂಥವರನ್ನು ಸುಲಭವಾಗಿ ಹಿಡಿಯುತ್ತದೆ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಕಳೆದ ಶತಮಾನದ ಮೊದಲರ್ಧದಲ್ಲೇ ಈ ರೋಗ ಪತ್ತೆಯಾಗಿತ್ತು. ಅದೇ ಧೂಳನ್ನು ನಾವೀಗ ಅಡುಗೆಮನೆಗೆ ಕರೆದಿದ್ದೇವೆ.

ಎಲ್ಲ ಕಲ್ಲೂ ಒಂದೇ ಅಲ್ಲ. ಅಮೃತಶಿಲೆಯಲ್ಲಿ ಸಿಲಿಕಾ ತೀರಾ ಕಡಿಮೆ. ಕಡಪ, ಶಹಾಬಾದ್ ಕಲ್ಲುಗಳು ಸುಣ್ಣದ ಜಾತಿಯವು, ಅವುಗಳಲ್ಲೂ ಸಾಮಾನ್ಯವಾಗಿ ಕಡಿಮೆಯೇ. ಇಳಕಲ್ಲಿನ ಕೆಂಪಿನಂಥ ಗ್ರಾನೈಟ್‌ಗಳಲ್ಲಿ ಕಲ್ಲನ್ನು ನೋಡಿ ನೂರಕ್ಕೆ 20ರಿಂದ 45ರಷ್ಟಿರಬಹುದು. ಈಚೆಗೆ ‘ಕ್ವಾರ್ಟ್ಜ್’ ಎಂಬ ಹೆಸರಿನಲ್ಲಿ ಬರುವ ಕಾರ್ಖಾನೆಯ ಕಲ್ಲಿದೆಯಲ್ಲ, ಅದು ಕಲ್ಲುಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿದ್ದು. ಅದರಲ್ಲಿ ಸಿಲಿಕಾ ನೂರಕ್ಕೆ 90 ದಾಟುವುದುಂಟು. ಇದನ್ನು ಕೊಯ್ದ ಯುವಕರಲ್ಲಿ ಕೆಲವೇ ವರ್ಷಗಳಲ್ಲಿ ರೋಗ ಕಾಣಿಸಿಕೊಂಡಿದ್ದರಿಂದ ಆಸ್ಟ್ರೇಲಿಯ 2024ರ ಜುಲೈ 1ರಿಂದ ಅದನ್ನು ತಯಾರಿಸುವುದು, ಮಾರುವುದು, ಕೂರಿಸುವುದು ಎಲ್ಲವನ್ನೂ ನಿಷೇಧಿಸಿತು.

ನನ್ನನ್ನು ಕೇಳಿದರೆ, ಕ್ವಾರ್ಟ್ಜ್ ನಮ್ಮ ಮನೆಗಳಿಗೆ ಬೇಡ. ಕಲೆ ಹಿಡಿಯದು ಎಂದು ಅಂಗಡಿಯವರು ಹೊಗಳುತ್ತಾರೆ, ನಿಜವೇ. ಆದರೆ ಬೆಂಕಿಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಟ್ಟರೆ ಅದರ ರಾಳ ಸುಟ್ಟು ಗುರುತು ಬೀಳಬಹುದು. ನಮ್ಮ ಅಡುಗೆಯೋ, ಮುದ್ದೆಯ ಪಾತ್ರೆ ಇಳಿಸುವ ಅಡುಗೆ! ಅಮೃತಶಿಲೆ, ಕಡಪಗಳಿಗೆ ಹುಣಿಸೆ, ನಿಂಬೆ ತಗುಲಿದರೆ ಹೊಳಪು ಹೋಗುತ್ತದೆ. ತಕ್ಷಣ ಒರೆಸುವ ಅಭ್ಯಾಸವಿದ್ದರೆ ಬಡ ಬಜೆಟ್ಟಿಗೆ ಕಡಪ ಸಾಕು. ಇಲ್ಲವಾದರೆ ಕಪ್ಪು ಗ್ರಾನೈಟೇ ಸರಿ, ಶಾಖಕ್ಕೂ ಹುಳಿಗೂ ತಡೆಯುತ್ತದೆ.

ಯಾವುದನ್ನೇ ಆರಿಸಿ, ಮನೆಯೊಳಗೆ ಒಣ ಕೊಯ್ತಕ್ಕೆ ಒಪ್ಪಬೇಡಿ. ಸಿಂಕು, ಒಲೆಯ ಅಳತೆಯನ್ನು ಮೊದಲೇ ಕೊಟ್ಟು ಅಂಗಡಿಯಲ್ಲೇ ನೀರು ಬಿಟ್ಟು ಕೊಯ್ಸಿ ತನ್ನಿ. ಸ್ವಲ್ಪ ಕೆತ್ತುವುದು ಉಳಿದರೆ ಅಂಗಳದಲ್ಲಿ, ನೀರು ಸುರಿಯುತ್ತಾ ಆಗಲಿ. ವಿದ್ಯುತ್ ಯಂತ್ರಕ್ಕೆ ನೀರು ಸೋಕಿದರೆ ಜೀವಕ್ಕೇ ಅಪಾಯ. ಹಾಗಾಗಿ ನೀರಿಗೆಂದೇ ಮಾಡಿದ ಯಂತ್ರ ಬೇಕು. ಕೆಲಸದವನಿಗೆ ಎನ್‌-95 ಮುಖಗವಸು ಕೊಡಿಸಿ. ಲಕ್ಷಗಟ್ಟಲೆ ಖರ್ಚಿನಲ್ಲಿ ಅದೊಂದು ಹೊರೆಯಲ್ಲ. ಉಳಿದ ಧೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳೂ ಬಸುರಿಯರೂ ಅಂದು ಆ ಕಡೆ ಸುಳಿಯದಿರಲಿ.

ಬಚ್ಚಲುಮನೆಯ ಮಾತು ಬೇರೆ. ಕೈತೊಳೆಯುವ ಕಟ್ಟೆಗೆ ಹೊಳೆಯುವ ಗ್ರಾನೈಟ್ ಇರಲಿ, ನೆಲಕ್ಕೆ ಬೇಡವೇ ಬೇಡ. ಸೋಪಿನ ನೀರಿನ ಮೇಲೆ ಅಜ್ಜಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಎದ್ದು ಓಡಾಡುವುದು ಕಷ್ಟ. ಅಲ್ಲಿ ಒರಟು ಮೈಯ ಕಲ್ಲೇ ಹಾಕಿಸಿ. ಕಡಪ, ಅಮೃತಶಿಲೆಗಳ ಮೇಲೆ ಆಸಿಡ್ ಸುರಿದು ತೊಳೆಯಬೇಡಿ.

ಕಟ್ಟೆ ಕೂರಿಸಲು ಬಂದವನು ಎರಡು ವಾರಕ್ಕಿಂತ ಹೆಚ್ಚಾಗಿ ಕೆಮ್ಮುತ್ತಿದ್ದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ, ಸರ್ಕಾರಿ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಲು ಹೇಳಿ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ಸನ್ನು ಕ್ಷಯವೆಂದು ತಪ್ಪಾಗಿ ತಿಳಿಯುವುದುಂಟು. ತಾನು ಎಷ್ಟು ವರ್ಷದಿಂದ ಕಲ್ಲು ಕೊಯ್ಯುತ್ತಿದ್ದೇನೆ ಎಂಬುದನ್ನು ಅವನು ವೈದ್ಯರಿಗೆ ಮರೆಯದೆ ತಿಳಿಸಲಿ.