ಯಾರ ಸಾಲ ದೇಶಕ್ಕೆ ಅಪಾಯ?

ಸಾಲ ಮಾಡಿದವನು ದೇಶ ಮಾರುತ್ತಾನಂತೆ. ಭದ್ರತೆಯ ಲೆಕ್ಕ ಹಾಕುವವರ ನಂಬಿಕೆ ಇದು. ಅವರ ಬಾಯಲ್ಲಿ ಸದಾ ಇರುವ ಉದಾಹರಣೆ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್. ಸಾಲದಲ್ಲಿ ಮುಳುಗಿದ್ದವನು 1985ರಲ್ಲಿ ಸೋವಿಯತ್ತಿಗೆ ಗುಟ್ಟು ಮಾರಿದ, 1994ರಲ್ಲಿ ಸಿಕ್ಕಿಬಿದ್ದ. ನಡುವಿನ ವರ್ಷಗಳಲ್ಲಿ ನಗದು ಕೊಟ್ಟು ಮನೆ ಕೊಂಡ, ಜಾಗ್ವಾರ್ ಕಾರು ಓಡಿಸಿದ. ಸಾಲಗಾರನಾಗಿದ್ದಾಗ ಅಲ್ಲ, ಸಾಹುಕಾರನಾದ ಮೇಲೆ ಹಿಡಿಯಬೇಕಿತ್ತು ಅವನನ್ನು!

ಈಗ, ಭದ್ರತೆಯ ಹೆಸರಲ್ಲೇ ಜನ ಸಾಲಕ್ಕೆ ಬಿದ್ದ ನಮ್ಮ ಚಳ್ಳಕೆರೆಗೆ ಬನ್ನಿ. ಕುದಾಪುರ, ವರವು, ಉಳ್ಳಾರ್ತಿ ಸುತ್ತಿನ ಅಮೃತಮಹಲ್ ಕಾವಲು ಮೈಸೂರು ಅರಸರ ಕಾಲದಲ್ಲಿ ದಂಡಿನ ತೋಪು ಎಳೆಯುವ ಎತ್ತುಗಳ ಹುಲ್ಲುಗಾವಲು. ಆಮೇಲೆ ಸುತ್ತಲ ಹಟ್ಟಿಗಳ ಕುರಿ, ದನ ಅಲ್ಲೇ ಮೇದವು, ಆ ಕುರಿಗಳ ಉಣ್ಣೆಯಿಂದ ಕಂಬಳಿ ಆಯಿತು. ಸರ್ಕಾರ ಸುಮಾರು ಹತ್ತು ಸಾವಿರ ಎಕರೆಯನ್ನು ಹಂಚಿಬಿಟ್ಟಿತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇನ್ನು ಅಣು ಸಂಶೋಧನೆಯ ಬಾರ್ಕ್, ಬಾಹ್ಯಾಕಾಶದ ಇಸ್ರೋ. ಜನ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ಆದರೂ ಕಾವಲಿನ ಸುತ್ತ ಗೋಡೆ ಕಟ್ಟುವುದು ನಿಲ್ಲಲಿಲ್ಲ. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಬಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟಿಸಿದರು.

ಮೇವು ಹೋದ ಮೇಲೆ ಕುರಿ ಮಾರಬೇಕು, ಇಲ್ಲ ಸಾಲ ಮಾಡಿ ಮೇವು ಕೊಳ್ಳಬೇಕು. ಶೇಂಗಾ ಕೈಕೊಟ್ಟ ವರ್ಷ ಎರಡೂ. ಗೌರಸಮುದ್ರದ ಹೆಣ್ಣುಮಗಳು ಸಂಘದ ಸಾಲದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಿದರೆ ಅವಳನ್ನು ದುಂದುಗಾರ್ತಿ ಅನ್ನುವ ಬಾಯಿ ಯಾವುದು? ಗಂಡಸರಿಂದ ಫೈನಾನ್ಸಿನವರು ಖಾಲಿ ಚೆಕ್ಕು ಬರೆಸಿಕೊಳ್ಳುತ್ತಾರೆ. ಕಂತು ತಪ್ಪಿದರೆ ಚೆಕ್ ಬೌನ್ಸ್, 138ನೇ ಕಲಮು, ಕ್ರಿಮಿನಲ್ ಕೇಸು. ಅಂಥವನು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲಿ, ನಮೂನೆ ಕೇಳುತ್ತದೆ: ನಿನ್ನ ಮೇಲೆ ಕೇಸು ಬಾಕಿ ಇದೆಯೇ? ಇದೆ ಅಂದರೆ ಅನುಮಾನ, ಇಲ್ಲ ಅಂದರೆ ಸುಳ್ಳು ಹೇಳಿದ ತಪ್ಪು. ಪ್ರಕರಣದ ಸ್ವರೂಪ ನೋಡಿ ತೀರ್ಮಾನಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಆ ತೀರ್ಪು ಹಟ್ಟಿಗೆ ಯಾವ ಬಸ್ಸಿನಲ್ಲಿ ಬರುತ್ತದೋ!

ಬ್ಯಾಂಕಿನ ಕೆಲಸಕ್ಕೂ ಈ ಮೈಲಿಗೆ ಅಂಟಿದೆ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್ 2023ರಲ್ಲಿ, ಸಾಲ ತೀರಿಸಿದ ಚರಿತ್ರೆಗೆ ಕೊಡುವ ಸಿಬಿಲ್ ಅಂಕ ಕನಿಷ್ಠ 650 ಇರಬೇಕು ಎಂದಿತ್ತು. ಸಾಲದ ದಾಖಲೆ ಸರಿಯಿಲ್ಲವೆಂದು ಎಸ್‌ಬಿಐ ಒಬ್ಬರ ನೇಮಕಾತಿ ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಸಾಲ ತೀರಿಸಲು ಕೆಲಸ ಬೇಕು, ಕೆಲಸ ಬೇಕಾದರೆ ಸಾಲ ತೀರಿರಬೇಕು. ಇದನ್ನು ಶಿಸ್ತು ಅನ್ನುತ್ತಾರೆ.

ಹಾಗಾದರೆ ವಿಜಯ್ ಮಲ್ಯರ ಶಿಸ್ತನ್ನು ಅಳೆದವರು ಯಾರು? ನಮ್ಮ ಶಾಸಕರು 2002ರಲ್ಲೂ 2010ರಲ್ಲೂ ರಾಜ್ಯಸಭೆಗೆ ಆರಿಸಿ ಕಳಿಸಿದ ಧಣಿ. ಬ್ಯಾಂಕುಗಳಿಗೆ ಸುಮಾರು 9,000 ಕೋಟಿ ಬಾಕಿ ಇಟ್ಟುಕೊಂಡೇ ಸಂಸತ್ತಿನಲ್ಲಿ ಕೂತಿದ್ದರು. 2016ರ ಮಾರ್ಚ್ 2ರಂದು ದೇಶ ಬಿಟ್ಟಾಗ ಅವರ ಬಳಿ ಇದ್ದದ್ದು ರಾಜತಾಂತ್ರಿಕ ಪಾಸ್‌ಪೋರ್ಟ್. ಇಪ್ಪತ್ತು ಸಾವಿರದ ಸಾಲಗಾರನಿಗೆ ಪರಿಶೀಲನೆ, ಸಾವಿರಾರು ಕೋಟಿಯ ಸಾಲಗಾರನಿಗೆ ಸಲಾಮು.

ಕೇಂದ್ರ ನೌಕರರ 1964ರ ನಡತೆ ನಿಯಮ ಸಾಲದ ಚಟ ಕೂಡದು ಅನ್ನುತ್ತದೆ. ದಿವಾಳಿಯಾದರೆ ಅದು ಕೈಮೀರಿ ಆದದ್ದು, ದುಂದಿನಿಂದಲ್ಲ ಎಂದು ನೌಕರನೇ ಸಾಬೀತು ಮಾಡಬೇಕು. ಚಟವಂತೆ! ಮಳೆ ಬಾರದಿರುವುದು ಯಾರ ಚಟ? ಅಮೆರಿಕದಲ್ಲೂ ಸಾಲ ನೋಡಿಯೇ ಗುಟ್ಟಿನ ಕೆಲಸಕ್ಕೆ ಅನುಮತಿ ಕೊಡುವುದು. ಆದರೆ ಕೆಲಸ ಹೋದದ್ದು, ಕಾಯಿಲೆ ಬಿದ್ದದ್ದು, ಮನೆಯಲ್ಲಿ ಸಾವಾದದ್ದು ಇಂಥ ಕಾರಣಗಳನ್ನು ಅಲ್ಲಿನ ನಿಯಮವೇ ಬರೆದಿಟ್ಟಿದೆ, ನಿರಾಕರಿಸುವ ಮುನ್ನ ಕಾರಣಪತ್ರ ಕೊಟ್ಟು ಉತ್ತರ ಕೇಳುತ್ತದೆ.

ನಮ್ಮ ಕಾವಲು ತೆಗೆದುಕೊಂಡಾಗ ಯಾರೂ ನಮ್ಮ ಉತ್ತರಕ್ಕೆ ಕಾಯಲಿಲ್ಲ. ಈಗ ಅದೇ ನೆಲದಲ್ಲಿ ಕೆಲಸ ಕೇಳಲು ಬಂದ ಮಕ್ಕಳನ್ನು ಬೇಡ ಅನ್ನುವುದಾದರೆ, ಏಕೆ ಬೇಡ ಎಂದು ಬರೆದು ಕೊಡಿ. ಕನ್ನಡದಲ್ಲಿ ಬರೆಯಿರಿ, ಕೆಳಗೆ ಸಹಿ ಹಾಕಿ.