ನಾರಿನ ಪುಡಿಗೆ ಗಣಕದ ಲೆಕ್ಕ

ಕುಣಿಗಲ್ ತಾಲ್ಲೂಕಿನ ಅಮೃತೂರಿನ ಕಡೆ ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ರಾಶಿ ಬೀಳುವ ಪುಡಿಯನ್ನು ಗಾಳಿಯೊಡನೆ ಕುಲುಮೆಗೆ ಊದಿ ಉರಿಸಬಹುದೇ? ಹೀಗೆ ಕೇಳಿದರೆ ಇಂದಿನ ಎಂಜಿನಿಯರ್ ಮೊದಲು ತೆರೆಯುವುದು ಕಂಪ್ಯೂಟರನ್ನು. ಕುಲುಮೆಯೊಳಗಿನ ಜಾಗವನ್ನು ಲಕ್ಷಾಂತರ ಸಣ್ಣ ಕೋಶಗಳಾಗಿ ಒಡೆದು, ಒಂದೊಂದರಲ್ಲೂ ಗಾಳಿ, ಬಿಸಿ, ಅನಿಲಗಳ ಸಮೀಕರಣ ಬಿಡಿಸುವ ಸಿಎಫ್‌ಡಿ ವಿಧಾನ ಅದು.

ತೊಡಕಿರುವುದು ಪುಡಿಯನ್ನು ಒಳಗೆ ಬಿಡುವ ಕಡೆ. ಪ್ರತಿ ಕಣದ ಬೆನ್ನು ಹತ್ತಲು ಆಗದು, ಹಾಗಾಗಿ ಒಂದೇ ಬಗೆಯ ಎಷ್ಟೋ ಕಣಗಳ ಪರವಾಗಿ ಒಂದನ್ನು ಬಿಡುತ್ತಾರೆ. ಅದರ ಗಾತ್ರ, ವೇಗ, ಹೊರಡುವ ಜಾಗ, ಒದ್ದೆ ಎಷ್ಟು ಎಂಬುದನ್ನೆಲ್ಲ ನಾವೇ ತುಂಬಬೇಕು. ನೀರು ಆರುವುದು, ಅನಿಲ ಬಿಡುವುದು, ಉಳಿದ ಇದ್ದಿಲು ಉರಿಯುವುದು ಗಣಕದ ಪಾಲು.

ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಡೆ ಈ ಲೆಕ್ಕಕ್ಕೆ ಬೆಲೆ ಇದ್ದೇ ಇದೆ. 1985ರಿಂದ ನಡೆಯುತ್ತಿರುವ ಅಲ್ಲಿನ 210 ಮೆಗಾವ್ಯಾಟ್ ಘಟಕವನ್ನು ನಿಲ್ಲಿಸಿ ಬರ್ನರ್ ಓರೆ ಮಾಡಿ ನೋಡೋಣ ಅಂದರೆ ಯಾರೂ ಒಪ್ಪುವುದಿಲ್ಲ. ಕಲ್ಲಿದ್ದಲ ಪುಡಿಯ ಸ್ವಭಾವವೂ ಬಹಳಮಟ್ಟಿಗೆ ಗೊತ್ತು. ಸಾಮಾನ್ಯವಾಗಿ ಅದರಲ್ಲಿ ಸುಮಾರು ಶೇ. 70 ಭಾಗ 75 ಮೈಕ್ರಾನ್ ಜರಡಿಯಲ್ಲಿ ಇಳಿಯುವಷ್ಟು ನುಣ್ಣಗಿರುತ್ತದೆ, ಕಣಗಳನ್ನು ಗುಂಡಗೆ ಎಂದುಕೊಂಡರೂ ದೊಡ್ಡ ತಪ್ಪಾಗದು.

ನಾರಿನ ಪುಡಿ ಹಾಗಲ್ಲ. ನಡುನಡುವೆ ಎಳೆ ಸಿಕ್ಕಿಕೊಂಡು ಗಂಟಾಗುತ್ತದೆ, ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ. ಬೂದಿಯಲ್ಲಿ ಪೊಟ್ಯಾಶ್ ಜಾಸ್ತಿ, ಬಾಯ್ಲರ್ ಕೊಳವೆಗೆ ಅಂಟುತ್ತದೆ. ಅಳೆಯದೆ ಗುಂಡು ಕಣ, ಒಣ ಕಣ ಎಂದು ತುಂಬಿದರೆ ಪರದೆಯ ಮೇಲಿನ ಕೆಂಪು–ಹಳದಿ ಜ್ವಾಲೆ ಅಷ್ಟೇ ಚಂದ ಕಾಣುತ್ತದೆ. ಅದೇ ಅಪಾಯ.

ಇದೇ ಕುಣಿಗಲ್ ತಾಲ್ಲೂಕಿನಲ್ಲಿ, ಕಟ್ಟಿ ಉರಿಸಿ ನೋಡಿ ಕಲಿಯುವ ಬೇರೆ ದಾರಿಯೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಾಮೀಣ ತಂತ್ರಜ್ಞಾನದ ತಂಡವಾದ ‘ಅಸ್ತ್ರ’ ಉಂಗ್ರ ಹಳ್ಳಿಯ ಅಡುಗೆಮನೆಗಳಲ್ಲಿ ಸೌದೆ ತೂಗಿ ತನ್ನ ಮೂರು ಪಾತ್ರೆಯ ಒಲೆಯನ್ನು ಪರೀಕ್ಷಿಸಿತು. 1988ರಲ್ಲಿ ಹೊಸಹಳ್ಳಿಯಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು, ಡೀಸೆಲ್ ಜತೆ ಎಂಜಿನ್‌ಗೆ ಕೊಟ್ಟು ದೀಪ ಹಚ್ಚಿದರು. ಅಲ್ಲಿದ್ದದ್ದು ಕಟ್ಟಿಗೆ ತುಂಡು, ಹಾರುವ ಪುಡಿಯಲ್ಲ, ಆದ್ದರಿಂದ ಲೆಕ್ಕವೇ ಬೇಡ ಎನ್ನಲು ಇವು ಸಾಕ್ಷಿಯಾಗುವುದಿಲ್ಲ. ಅಲ್ಲದೆ ಕಟ್ಟಿ ಒಡೆದು ಕಲಿಯುವುದಕ್ಕೂ ದುಡ್ಡು ಬೇಕು, ಬಿಸಿ ಕುಲುಮೆಯೊಳಗೆ ಎಲ್ಲೆಂದರಲ್ಲಿ ಅಳತೆಯ ಕಡ್ಡಿ ಇಡಲೂ ಆಗದು.

ನನ್ನ ಒಲವು ಗಣಕದ ಕಡೆಗೇ, ಒಂದು ಷರತ್ತಿನ ಮೇಲೆ. ಎರಡು ವಿನ್ಯಾಸಗಳಲ್ಲಿ ಯಾವುದು ಮೇಲು ಎಂದು ಅದನ್ನು ಕೇಳಬಹುದು. ಚಿಮಣಿಯಿಂದ ಎಷ್ಟು ಹೊಗೆ ಬರುತ್ತದೆಂದು ಕೇಳಿ ಬರುವ ಅಂಕಿಯನ್ನು ಸಾಲದ ಅರ್ಜಿಗೆ ಹಚ್ಚಬಾರದು. ಅದಕ್ಕೂ ಮೊದಲು ಮಳೆಗಾಲದ ಪುಡಿ ಒಂದು ಚೀಲ, ಬೇಸಗೆಯದು ಒಂದು ಚೀಲ ತಂದು, ಒಣಗಿಸಿ ತೂಗಿ, ಜರಡಿ ಹಿಡಿಯಬೇಕು.