ಮುದುಕಿ ಫೋಟೋ ಯಾಕ ಬೇಕು ಅನ್ನೋರಿಗೆ

ಇವತ್ತ ಅಡಗಿ ಸುದ್ದಿ ಇಲ್ಲ, ಹಬ್ಬದ ಸುದ್ದಿನೂ ಇಲ್ಲ. ಸ್ವಲ್ಪ ಜಗಳ ಆಡೋದದ. ಅದೂ ನಿಮ್ಮ ಜೋಡಿನ ಆಡೋದದ. ಅಕ್ಕಾರ, ವೈನಿಯರ, ಚಹಾ ಕುಡಕೋತ ಓದ್ರಿ, ಸಿಟ್ಟಿಗೇಳಬ್ಯಾಡ್ರಿ.

ಲಗ್ನ, ಮುಂಜಿವಿ, ಕುಬಸ, ಏನ ಇರಲಿ, ಫೋಟೋದಾಂವ ಬಂದು ‘ಎಲ್ಲಾರೂ ನಿಂದರ್ರಿ’ ಅಂದಕೂಡ್ಲೆ ಐವತ್ತು ದಾಟಿದ ಹೆಣ್ಣಮಕ್ಕಳು ಹಿಂದ ಸರೀತಾರ. ‘ನಂದೇನ ಫೋಟೋ ಬಿಡವಾ, ಮಾರಿ ನೋಡು ಹೆಂಗಾಗೇದ.’ ‘ಸಣ್ಣವರದು ತಗೀರಿ, ನಾ ಅಷ್ಟರಾಗ ಎಲಿ ಹಾಕ್ತೀನಿ.’ ‘ಈ ವಯಸ್ಸಿನ್ಯಾಗ ಫೋಟೋ ಯಾಕ ಬೇಕು?’ ಈ ಮೂರೂ ಮಾತು ನಮ್ಮ ಬಳಗದಾಗ ಕೇಳದವರು ಯಾರಿದ್ದೀರಿ? ಜನ ಇದಕ್ಕ ಸಂಕೋಚ ಅಂತಾರ, ಮರ್ಯಾದಿ ಅಂತಾರ. ನನಗ ಕೇಳಿದ್ರ, ಮನಿ ಲೆಕ್ಕದಾಗಿಂದ ನಮ್ಮ ಹೆಸರು ನಾವ ಹೊಡದು ಹಾಕೋ ಕೆಲಸ ಇದು.

ಹೋದ ವರ್ಷ ನಮ್ಮ ಬಳಗದ ಮೌಶಿ ಒಬ್ಬರು ತೀರಿಕೊಂಡ್ರು. 79 ವರ್ಷದ ಬಾಳ್ವಿ. ವೈಕುಂಠ ಸಮಾರಾಧನಿಗೆ ಫೋಟೋ ಇಡಬೇಕು ಅಂತ ಹುಡುಕಿದ್ರ ಒಂದೂ ಛಂದಂದು ಸಿಗಲಿಲ್ಲ. ಒಂದರಾಗ ಅರ್ಧ ಮಾರಿ ಬ್ಯಾರೆಯವರ ಹೆಗಲ ಹಿಂದ, ಇನ್ನೊಂದರಾಗ ಬಡಸಲಿಕ್ಕೆ ಬಗ್ಗ್ಯಾರ. ಕಡೀಕ ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಹಾರ ಹಾಕಿದ್ರು. ಜೀವನಪೂರ್ತಿ ನಕ್ಕೋತ ನಗಿಸಿಕೋತ ಇದ್ದ ಹೆಣ್ಣಮಗಳು, ಈಗ ಪಡಸಾಲಿ ಗೋಡಿ ಮ್ಯಾಲೆ ಹೆದರಿದ ಮಾರಿ ಮಾಡಿಕೊಂಡು ಕೂತಾರ. ನಾಳೆ ಮರಿಮೊಮ್ಮಕ್ಕಳು ಅವರನ್ನ ಹಂಗ ಗುರತ ಹಿಡೀತಾವ.

ಅವರಕಿಂತ ಹಿಂದಿನವರ ಕಥಿ ಇನ್ನೂ ಕೆಟ್ಟದ್ದು. ಗಂಡ ಹೋದ ಹೆಣ್ಣಮಕ್ಕಳನ್ನ ಲಗ್ನದ ಫೋಟೋಕ್ಕ ನಿಂದರಸ್ತಿದ್ದಿಲ್ಲ. ಹೂರಣ ರುಬ್ಬಿದ ಕೈ ಅವರದು, ಕೂಸು ಎತ್ತಿ ಆಡಿಸಿದ ಕೈ ಅವರದು, ಫೋಟೋದಾಗ ಮಾತ್ರ ಅವರಿಲ್ಲ. ಯಾವ ಹಳೇ ಮನಿ ಆಲ್ಬಮ್ ಬೇಕಾದ್ರೂ ತಗದು ನೋಡ್ರಿ, ಇಂಥಾ ಒಬ್ಬರಾದ್ರೂ ಅಜ್ಜಿ ಕಮ್ಮಿ ಇರ್ತಾರ. ಆಗ ಅವರನ್ನ ಬ್ಯಾರೆಯವರು ಹೊರಗ ಇಟ್ರು. ಈಗ ಯಾರೂ ಹೊರಗ ನಿಲ್ಲು ಅನ್ನೋದಿಲ್ಲ, ನಾವ ಹೋಗಿ ನಿಲ್ತೀವಿ. ಅದಕ್ಕ ನನಗ ಸಿಟ್ಟು.

ಇನ್ನ ಫೋಟೋ ಇದ್ದವರ ಮಾತು. ಫೋಟೋ ಇದ್ರೂ ಹಿಂದ ಹೆಸರಿಲ್ಲ ಅಂದ್ರ ಎರಡು ತಲಿಮಾರಿಗೆ ಅದು ಬರೇ ಕಾಗದ. ನಮ್ಮ ಕಡೆ ಲಗ್ನದಾಗ ತಾಟಿನ ಅಕ್ಕಿ ಮ್ಯಾಲೆ ಉಂಗುರಲೆ ಸೊಸಿಗೆ ಹೊಸಾ ಹೆಸರು ಬರಸ್ತಿದ್ರು. ಅಲ್ಲಿಂದ ಮುಂದ ಹುಟ್ಟಿದ ಹೆಸರು ತವರಮನಿಯವರ ಬಾಯಾಗಷ್ಟ ಉಳೀತು. ಅಣ್ಣ ತಮ್ಮಂದಿರು ಹೋದ ಮ್ಯಾಲೆ ಆ ಹೆಸರಲೆ ಕರಿಯೋರ ಇಲ್ಲ. ಆಲ್ಬಮ್‌ನ್ಯಾಗ ಬರದಿರೋದು ಏನು? ‘ಇಂಥವರು ಮತ್ತು ಧರ್ಮಪತ್ನಿ.’ ಧರ್ಮಪತ್ನಿಗೆ ಹೆಸರಿಲ್ಲೇನು?

ದೊಡ್ಡವರ ಕಥಿನೂ ಹಂಗ ಆಗೇದ. ಹೋಮಾಯಿ ವ್ಯಾರಾವಾಲಾ ಅಂತ, 1913ರಾಗ ಹುಟ್ಟಿದವರು, ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಸ್ವಾತಂತ್ರ್ಯ ಬಂದ ಹೊತ್ತಿನ ದಿಲ್ಲಿ ನಾವು ನೋಡೋದು ಅವರ ಕಣ್ಣಿಂದ. ಅಂಥವರ ಫೋಟೋನೂ ಸುರುವಿಗೆ ಗಂಡನ ಹೆಸರಿನ್ಯಾಗ ಅಚ್ಚಾಗತಿದ್ದವು. 2011ರಾಗ ಪದ್ಮವಿಭೂಷಣ ಬಂದಾಗ ಅವರಿಗೆ 97 ವರ್ಷ. ಕ್ಯಾಮೆರಾ ಕೈಯಾಗ ಹಿಡದಾಕಿ ಹೆಸರ ಹಂಗ ಹಿಂದ ಉಳದಿತ್ತು ಅಂದ್ರ, ಬಡಸೋ ಸೌಟು ಹಿಡದಾಕಿದು ಕೇಳೋರು ಯಾರು?

ಫೋಟೋ ಸತ್ತ ಮ್ಯಾಲೆ ಗೋಡಿಗೆ ಹಾಕೋ ವಸ್ತು ಅಂತ ತಿಳದವರಿಗೆ ಇದೊಂದು ಹೇಳ್ತೀನಿ. ನಮ್ಮ ಅತ್ತಿಯವರು ಟೊಂಕದ ಎಲುಬು ಮುರಕೊಂಡು ದವಾಖಾನ್ಯಾಗ ಇದ್ದಾಗ ಅವರ ಹೆಸರು ‘ಹನ್ನೆರಡನೇ ಬೆಡ್ಡಿನ ಅಜ್ಜಿ’. ಏಳು ಅಂದ್ರ ಏಳೋದು, ಬಾಯಿ ತಗಿ ಅಂದ್ರ ತಗಿಯೋದು. ನಾ ಅವರ 1956ರ ಸಾಲಿ ಫೋಟೋ ತಂದು ಬಾಜೂಕ ಇಟ್ಟೆ. ಗುಳಿಗಿ ಕೊಡೋ ಹುಡುಗಿ ನೋಡಿ ಕೇಳಿದ್ಲು, ‘ಇದರಾಗ ನೀವ್ ಯಾರ್ರಿ ಅಜ್ಜಿ?’ ಅತ್ತಿಯವರು ಬೆರಳಿಟ್ಟು ತೋರಸಿದ್ರು. ‘ಎರಡನೇ ಸಾಲು, ಎಡಗಡಿಂದ ಮೂರನೇದಾಕಿ. ಗಣಿತದಾಗ ಸಾಲಿಗೇ ಮೊದಲು ಬರ್ತಿದ್ದೆ’ ಅಂದು, ತಮ್ಮ ತವರಮನಿ ಹೆಸರು ಹೇಳಿದ್ರು. ಮರುದಿನದಿಂದ ಆ ಹುಡುಗಿ ಗುಳಿಗಿ ಅವರ ಅಂಗೈಯಾಗ ಹಾಕಿ ‘ನೀವ ಎಣಿಸಿ ನೋಡ್ರಿ, ಸರಿ ಅವ ಏನು’ ಅಂತಿದ್ಲು. ಔಷಧ ಅದ, ಹಾಸಿಗಿ ಅದ. ಆದ್ರ ಅಲ್ಲೆ ಮಲಗಿದವರು ಯಾರು ಅನ್ನೋದು ಗೊತ್ತಾಗಿತ್ತು.

‘ಯಾವಾಗ ನೋಡಿದ್ರೂ ಹಳೇ ಪುರಾಣ’ ಅಂತ ಮುದುಕರನ್ನ ಬೈತೀವಲ್ಲ, 1963ರಾಗನ ಅಮೆರಿಕಾದ ಮನೋವೈದ್ಯ ರಾಬರ್ಟ್ ಬಟ್ಲರ್ ಇದರ ಬಗ್ಗೆ ಬರದಾರ. ವಯಸ್ಸಾದವರು ಹಿಂದಿಂದು ನೆನಸೋದು ಅರಳು ಮರಳಲ್ಲ, ತಾವು ಬಾಳಿದ ಬದುಕನ್ನ ತಿರುಗಿ ನೋಡಿ ಹೊಂದಿಸಿಕೊಳ್ಳೋ ಸಹಜ ಕೆಲಸ ಅಂತ ಅವರ ವಾದ. ನೆನಪಿನ ಅಭ್ಯಾಸ ಮಾಡಿದವರು ಇನ್ನೊಂದು ಹೇಳ್ತಾರ, ವಯಸ್ಸಾದವರಿಗೆ 10ರಿಂದ 30 ವರ್ಷದೊಳಗಿನ ದಿವಸ ಹೆಚ್ಚು ಗಟ್ಟಿ ನೆನಪಿರ್ತಾವ. ಆ ಇಪ್ಪತ್ತು ವರ್ಷದಾಗ ನಮ್ಮ ಅವ್ವಂದಿರದು ಎಷ್ಟು ಫೋಟೋ ಅವ? ಸಾಲೀದೊಂದು, ವರನ ಕಡೆಯವರಿಗೆ ಕಳಸಲಿಕ್ಕೆ ಸ್ಟುಡಿಯೋದಾಗ ತಗಿಸಿದ್ದೊಂದು, ಲಗ್ನದ್ದೊಂದು. ಆ ಮೂರನ್ನೂ ಮನಿಗೆ ಬಣ್ಣ ಹಚ್ಚೋ ಮುಂದ ರದ್ದಿಗೆ ಹಾಕಿದ ಮನಿ ನಾ ಕಂಡೀನಿ.

‘ಎಲ್ಲಾ ಫೋನಿನ್ಯಾಗ ಅದ ಮಮ್ಮಿ’ ಅಂತಾವ ಹುಡುಗ್ರು. ಅದ ಖರೇ. ಗುಡ್ ಮಾರ್ನಿಂಗ್ ಹೂವು, ಕರೆಂಟ್ ಬಿಲ್ಲು, ಔಷಧ ಚೀಟಿ ಎಲ್ಲಾದರ ನಡುವ ಅವ್ವನೂ ಎಲ್ಲೋ ಅದಾಳ. ಫೋನ್ ನೀರಿಗೆ ಬಿತ್ತಂದ್ರ ಅಕಿನೂ ಹೋದ್ಲು. ವಾಟ್ಸಾಪ್‌ನ್ಯಾಗ ಸುಮ್ಮ ಕಳಿಸಿದ ಫೋಟೋ ಸಣ್ಣಾಗಿ ಬರತದ, ದೊಡ್ಡದು ಮಾಡಿಸಿದ್ರ ಮಾರಿ ಕಲಕತದ. ಮತ್ತ 80 ದಾಟಿದವರು ಬೆರಳಲೆ ಸರಿಸಿ ಸರಿಸಿ ಎಷ್ಟು ನೋಡ್ಯಾರು? ಅವರಿಗೆ ಕೈಯಾಗ ಹಿಡಿಯೋ ಕಾಗದ ಬೇಕು.

ಇನ್ನೊಂದು ಹುಚ್ಚು ಅಂದ್ರ ಮಾರಿ ತಿದ್ದೋದು. ನಮ್ಮ ಓಣಿ ಆಯಿ ಒಬ್ಬರ ಹಣಿ ಮ್ಯಾಲೆ ಹಸರು ಹಚ್ಚಿಬಟ್ಟು ಅದ, ಸಣ್ಣಾಕಿ ಇದ್ದಾಗ ಜಾತ್ರ್ಯಾಗ ಹಾಕಿಸಿಕೊಂಡಿದ್ದು. ಮೊಮ್ಮಗನ ಫೋನು ಅದನ್ನ ಕಲಿ ಅಂತ ತಿಳದು ಅಳಸಿತು, ಸುಕ್ಕಿನ ಜೋಡಿ. ‘ಛಂದ ಬಂದೀರಿ ಆಯಿ’ ಅಂತ ತೋರಸಿದ್ರ ಅವರು ‘ಇಕಿ ಯಾರಪ್ಪಾ?’ ಅಂದ್ರು. ಕಪ್ಪುಬಿಳಿ ಫೋಟೋಕ್ಕ ಯಂತ್ರದಿಂದ ಬಣ್ಣ ಹಚ್ಚಸೋದೂ ಹಂಗ. ಕೆಂಪು ದಡಿ ಇಳಕಲ್ ಸೀರಿ ನೀಲಿ ಆಗಿ ಬರತದ. ಯಂತ್ರ ಅಂದಾಜು ಹೊಡಿತದ, ಉಟ್ಟಾಕಿಗೆ ಗೊತ್ತಿರತದ. ಹಚ್ಚಸೋದಿದ್ರ ಅಕಿನ್ನ ಕೇಳಿ ಹಚ್ಚಸ್ರಿ, ಮೂಲ ಫೋಟೋ ಇದ್ದಂಗ ಇರಲಿ.

ಬೈದದ್ದು ಸಾಕು, ಮಾಡೋದು ಹೇಳ್ತೀನಿ. ಹಳೇ ಕಪ್ಪುಬಿಳಿ ಫೋಟೋದಾಗ ಇರೋದು ಬೆಳ್ಳಿ, ಜೋಪಾನ ಮಾಡಿದ್ರ ಭಾಳ ವರ್ಷ ತಾಳತದ. 70-80ರ ದಶಕದ ಬಣ್ಣದ ಫೋಟೋ ಹಂಗಲ್ಲ, ಅದರಾಗಿನ ಬಣ್ಣ ಹೋಗಿ ಬರೇ ಕೆಂಪು ಉಳೀತದ. ಮೊದಲ ಅವನ್ನ ಪ್ರತಿ ಮಾಡಿಸ್ರಿ. ಅಂಟಿನ ಹಾಳಿ ಮ್ಯಾಲೆ ಪ್ಲಾಸ್ಟಿಕ್ ಇರೋ ಆಲ್ಬಮ್ ಅವಲ್ಲ, ಆ ಅಂಟು ಫೋಟೋನ ತಿಂತದ. ಬರೋವಷ್ಟು ಸಾವಕಾಶ ಬಿಡಿಸ್ರಿ, ಬರಲಿಲ್ಲಂದ್ರ ಕೀಳಬ್ಯಾಡ್ರಿ, ಹಂಗ ಫೋನಲೆ ಫೋಟೋ ಹೊಡೀರಿ. ಕಿಡಕಿ ಬೆಳಕು ಇರಲಿ, ಫ್ಲ್ಯಾಶ್ ಬ್ಯಾಡ. ಲ್ಯಾಮಿನೇಶನ್ ಅಂತೂ ಬ್ಯಾಡೇ ಬ್ಯಾಡ. ಹಿಂದ ಬಾಲ್‌ಪೆನ್ ಒತ್ತಿ ಬರದ್ರ ಮುಂದ ಗೀರು ಮೂಡತದ, ಮೆತ್ತನ್ನ ಪೆನ್ಸಿಲ್ ತಗೋರಿ. ನುಣುಪು ಕಾಗದದ ಮ್ಯಾಲೆ ಪೆನ್ಸಿಲ್ ಹತ್ತಲಿಲ್ಲಂದ್ರ ಚೀಟಿ ಬರದು ಜೋಡಿ ಇಡ್ರಿ. ಹುಟ್ಟಿದ ಹೆಸರು, ಲಗ್ನದ ಹೆಸರು, ಊರು, ವರ್ಷ, ಯಾರ ಬಾಜೂಕ ಯಾರು, ಇಷ್ಟು ಬರೀರಿ.

‘ಹಳೇದು ತಗದ್ರ ಅಳ್ತಾರ’ ಅಂತ ಒಬ್ಬ ವೈನಿ ಅಂದ್ರು. ಅಳ್ತಾರ್ರಿ. ಸತ್ತ ತಂಗಿ ಮಾರಿ ಕಂಡ್ರ ಅಳಬಾರದೇನು? ಬಾಜೂಕ ಕೂಡ್ರಿ, ಬ್ಯಾಡಂದ್ರ ಮುಚ್ಚಿ ಇಡ್ರಿ. ಆದ್ರ ಮರವು ಬಂದವರ ಮುಂದ ಫೋಟೋ ಹಿಡದು ‘ಇವರ್ಯಾರು ಹೇಳು ನೋಡೋಣ’ ಅಂತ ಪರೀಕ್ಷಾ ಮಾತ್ರ ತಗೋಬ್ಯಾಡ್ರಿ. ‘ಇದು ನಿಮ್ಮ ಬಾವಿ ಕಟ್ಟಿ ಅಲ್ಲೇನು’ ಅಂತ ನೀವ ಸುರು ಮಾಡ್ರಿ, ಅವರು ಬಂದಷ್ಟು ಬರಲಿ.

ಪಂಚಮಿಗೆ ಹೆಂಗೂ ಎಲ್ಲಾರೂ ತವರಿಗೆ ಬರ್ತೀರಿ. ಉಂಡಿ ತಿಂದು, ಜೋಕಾಲಿ ಆಡಿ, ಮಧ್ಯಾಹ್ನ ಒಂದು ತಾಸು ಟ್ರೆಜರಿ ಮ್ಯಾಲಿನ ಟ್ರಂಕು ಇಳಸ್ರಿ. ಅವ್ವನ್ನ ನಡುವ ಕೂಡಸ್ರಿ, ಒಬ್ಬಾಕಿ ಪೆನ್ಸಿಲ್ ಹಿಡೀರಿ. ಆಮ್ಯಾಲೆ ಅವ್ವಂದು ಒಂದು ಫೋಟೋ ತಗೀರಿ, ಅಕಿಗೆ ಬೇಕಾದ ಸೀರಿ ಉಟ್ಟು, ಬೇಕಾದಲ್ಲೆ ಕೂತು. ನಿಮ್ಮದೂ ತಗಿಸಿಕೋರಿ. ‘ನಂದೇನ ಬಿಡವಾ’ ಅಂತ ಯಾರರೆ ಹಿಂದ ಸರದ್ರ, ಕೈ ಹಿಡದು ಎಳಕೊಂಡು ಬರ್ರಿ. ಎಲಿ ಆಮ್ಯಾಲೆ ಹಾಕಿದ್ರ ನಡೀತದ.